ಚಳಿಗಾಲದ ಕೋಳಿ ಮತ್ತು ಕಣದ ಮೆಕ್ಕೆಜೋಳ

(ದಾವಣಗೆರೆ–ಹರಿಹರ ಸೀಮೆಯ ಮನೆಕೋಳಿ ಸಾಕಣೆಯನ್ನು ಕುರಿತ ಉಪನ್ಯಾಸದ ಲಿಖಿತ ರೂಪ)



ದೀಪಾವಳಿಯ ಆಸುಪಾಸಿನಲ್ಲಿ ದಾವಣಗೆರೆ ಸೀಮೆಯ ಹಳ್ಳಿಗಳ ಮೂಲಕ ಪ್ರಯಾಣ ಮಾಡಿದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಕಣಗಳಲ್ಲಿ, ಕಣ ಸಾಲದೆ ಹೋದಲ್ಲಿ ಡಾಂಬರು ರಸ್ತೆಯ ಅಂಚಿನಲ್ಲಿಯೂ, ಹೊಸದಾಗಿ ಕಟಾವಾದ ಮೆಕ್ಕೆಜೋಳವನ್ನು ಹರಡಿರುತ್ತಾರೆ. ಅದೇ ದಿನಗಳಲ್ಲಿ ಆ ಊರುಗಳ ಹಿತ್ತಿಲಲ್ಲಿ ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯುತ್ತದೆ. ಮಳೆಗಾಲದುದ್ದಕ್ಕೂ ದಿನ ಬಿಟ್ಟು ದಿನ ಮೊಟ್ಟೆಯಿಟ್ಟ ಕೋಳಿ ಬುಟ್ಟಿಯ ಕಡೆಗೆ ಸುಳಿಯುವುದನ್ನೇ ಬಿಡುತ್ತದೆ. ‘ಚಳಿ ಬಂತು, ಕೋಳಿ ನಿಲ್ಲಿಸಿತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಶಿವರಾತ್ರಿಯವರೆಗೆ ಕಾಯುವ ತಾಳ್ಮೆ ಇಲ್ಲದವರು ಅದನ್ನು ಸಂತೆಗೆ ಒಯ್ಯುತ್ತಾರೆ.

ಈ ಎರಡು ದೃಶ್ಯಗಳಿಗೆ ಪರಸ್ಪರ ಸಂಬಂಧವಿದೆ ಎಂಬುದು ಈ ಉಪನ್ಯಾಸದ ಮುಖ್ಯ ವಿಚಾರ. ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗಲು ಕಾರಣಗಳು ಹಲವು. ಅವುಗಳಲ್ಲಿ ಚಳಿಯ ಪಾಲು ಅತಿ ಚಿಕ್ಕದು. ಬೆಳಕಿನ ಪಾಲು ಅದಕ್ಕಿಂತ ದೊಡ್ಡದು. ಆದರೆ ದಾವಣಗೆರೆ ಮತ್ತು ಹರಿಹರದಂತಹ ಸೀಮೆಯಲ್ಲಿ ಮನುಷ್ಯರ ಕೈಯಲ್ಲಿರುವ, ಸುಲಭವಾಗಿ ಸರಿಪಡಿಸಬಹುದಾದ ಕಾರಣವು ಕೋಳಿಗೆ ಎರಚುವ ಕಾಳಿನಲ್ಲಿಯೇ ಅಡಗಿದೆ.

ಬಯಲಿನ ಈ ಮಾತು ಬೆಟ್ಟದ ಊರುಗಳಿಗೆ ಏಕೆ ಎಂಬ ಪ್ರಶ್ನೆ ಏಳಬಹುದು. ಮಲೆನಾಡಿನಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಹರಿಹರವನ್ನು ಹಾದುಹೋಗುತ್ತವೆ. ನೀರು ಮೇಲಿನಿಂದ ಕೆಳಕ್ಕೆ ಇಳಿಯುವಂತೆ, ಬಯಲಿನ ಮೆಕ್ಕೆಜೋಳ ಚೀಲಗಳಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಬೆಟ್ಟದ ಮನೆಯ ಕೋಳಿಯೂ ಬಹಳಷ್ಟು ಸಲ ಬಯಲಿನ ಕಾಳನ್ನೇ ತಿನ್ನುತ್ತದೆ. ಆದ್ದರಿಂದ ಕೆಳಗಿನ ಕಣದಲ್ಲಿ ಆಗುವ ತಪ್ಪು ಮೇಲಿನ ಗೂಡನ್ನೂ ಮುಟ್ಟುತ್ತದೆ.

ಬೆಳಕು ಮತ್ತು ಮೊಟ್ಟೆ

ಕೋಳಿಯ ಒಡಲಲ್ಲಿ ಒಂದು ಮೊಟ್ಟೆ ಪೂರ್ಣಗೊಳ್ಳಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹಿಡಿಯುತ್ತದೆ. ಈ ಕೆಲಸಕ್ಕೆ ಅಪ್ಪಣೆ ಕೊಡುವುದು ಮೆದುಳು. ಮೆದುಳಿಗೆ ಆ ಸೂಚನೆ ದೊರೆಯುವುದು ಹಗಲಿನ ಉದ್ದದಿಂದ. ಹಕ್ಕಿಗಳಲ್ಲಿ ಬೆಳಕು ಕಣ್ಣಿನ ಮೂಲಕ ಮಾತ್ರವಲ್ಲದೆ ತೆಳುವಾದ ತಲೆಬುರುಡೆಯನ್ನು ದಾಟಿಯೂ ಮೆದುಳಿನ ಒಳಭಾಗವನ್ನು ತಲುಪುತ್ತದೆ. ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವಾ 1930ರ ದಶಕದಲ್ಲಿ ಬಾತುಕೋಳಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದನ್ನು ತೋರಿಸಿಕೊಟ್ಟರು. ಹಗಲು ಉದ್ದವಾದಾಗ ಮೆದುಳು ಹಾರ್ಮೋನುಗಳ ಮೂಲಕ ಅಂಡಾಶಯವನ್ನು ಎಚ್ಚರಿಸುತ್ತದೆ. ಹಗಲು ಕುಗ್ಗಿದಾಗ ಆ ಎಚ್ಚರ ಮಂಕಾಗುತ್ತದೆ. ಮೊಟ್ಟೆಯ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕೆಂದು ಸಾಕಣೆದಾರರು ಹೇಳುವುದು ಈ ಕಾರಣದಿಂದ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಲಂಡನ್ನಿನಲ್ಲಿ ಡಿಸೆಂಬರ್ ಮೂರನೆಯ ವಾರದ ಹಗಲು 8 ಗಂಟೆಗಿಂತಲೂ ಕಡಿಮೆ. ಜೂನ್ ತಿಂಗಳಲ್ಲಿ ಅದು 16 ಗಂಟೆಯನ್ನು ಮೀರುತ್ತದೆ. ಅಂತಹ ದೇಶಗಳಲ್ಲಿ ಚಳಿಗಾಲಕ್ಕೆ ಕೋಳಿ ಪೂರ್ಣವಾಗಿ ನಿಲ್ಲುವುದು ಸಹಜ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 15 ನಿಮಿಷ, ಅತಿ ದೊಡ್ಡ ಹಗಲು ಸುಮಾರು 13 ಗಂಟೆ. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಇಷ್ಟು ಇಳಿಕೆ ಮೊಟ್ಟೆಯನ್ನು ಕಡಿಮೆ ಮಾಡಬಲ್ಲದು. ಆದರೆ ಬುಟ್ಟಿಯನ್ನು ನಾಲ್ಕು ತಿಂಗಳು ಬರಿದು ಮಾಡುವಷ್ಟು ಬಲ ಅದೊಂದಕ್ಕೇ ಇಲ್ಲ. ಬೆಟ್ಟದ ಊರುಗಳಲ್ಲಿ ಗುಡ್ಡದ ನೆರಳು ಮತ್ತು ತೋಟದ ಮರಗಳ ದಟ್ಟಣೆಯಿಂದ ಗೂಡಿಗೆ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಅಲ್ಲಿ ಬೆಳಕಿನ ಕೊರತೆ ಬಯಲಿಗಿಂತ ತುಸು ಹೆಚ್ಚು.

ಚಳಿಯ ವಿಚಾರವೂ ಹೀಗೆಯೇ. ದಾವಣಗೆರೆಯಲ್ಲಿ ಪುಷ್ಯ ಮಾಸದ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಕೋಳಿಯ ಮೈಬಿಸಿ 41 ಡಿಗ್ರಿ, ಮೇಲೆ ಪುಕ್ಕದ ಹೊದಿಕೆ. ಒಣಗಿದ, ಗಾಳಿಯ ಹೊಡೆತವಿಲ್ಲದ ಗೂಡಿದ್ದರೆ ಈ ಚಳಿ ಅದಕ್ಕೆ ದೊಡ್ಡದಲ್ಲ. ಮೈಯನ್ನು ಬೆಚ್ಚಗಿಡಲು ಅದು ಸ್ವಲ್ಪ ಹೆಚ್ಚು ತಿನ್ನುತ್ತದೆ, ಅಷ್ಟೆ. ಆ ಹೆಚ್ಚಿನ ತುತ್ತು ಸಿಗದೆ ಹೋದಾಗ ಮೊದಲು ನಿಲ್ಲುವುದು ಮೊಟ್ಟೆ.

ಪುಕ್ಕ ಉದುರುವ ಕಾಲ

ಮೂರನೆಯ ಕಾರಣ ಪುಕ್ಕ ಬದಲಾಯಿಸುವಿಕೆ. ಒಂದು ವರ್ಷ ದಾಟಿದ ಕೋಳಿ ಸಾಮಾನ್ಯವಾಗಿ ಹಗಲು ಕುಗ್ಗುವ ಕಾಲದಲ್ಲಿ ಹಳೆಯ ಪುಕ್ಕವನ್ನು ಕಳಚಿ ಹೊಸದನ್ನು ಬೆಳೆಸುತ್ತದೆ. ಇದಕ್ಕೆ ಎಂಟರಿಂದ ಹನ್ನೆರಡು ವಾರ ಹಿಡಿಯಬಹುದು. ಪುಕ್ಕದ ಬಹುಭಾಗ ಪ್ರೋಟೀನು. ತಿಂದ ಪ್ರೋಟೀನೆಲ್ಲ ಪುಕ್ಕಕ್ಕೆ ಹೋಗುವಾಗ ಮೊಟ್ಟೆಗೆ ಉಳಿಯುವುದಿಲ್ಲ. ಕತ್ತಿನ ಬಳಿ ಬೋಳಾಗಿ, ಕೆಂಪು ಜುಟ್ಟು ಬಿಳಿಚಿಕೊಂಡು, ಮೂಲೆ ಹಿಡಿದು ನಿಂತ ಕೋಳಿ ಬಹಳಷ್ಟು ಸಲ ರೋಗದ ಕೋಳಿಯಲ್ಲ. ಅದು ವಿಶ್ರಾಂತಿಯಲ್ಲಿರುವ ಕೋಳಿ. ಹೊಸ ಪುಕ್ಕ ಬಂದ ಮೇಲೆ ಅದೇ ಕೋಳಿ ಮತ್ತೆ ಮೊಟ್ಟೆಗೆ ಬರುತ್ತದೆ.

ಇದನ್ನು ತಿಳಿಯದೆ ಸಂತೆಗೆ ಒಯ್ದವರು ಕಳೆದುಕೊಳ್ಳುವುದು ಒಂದು ಕೋಳಿಯ ಬೆಲೆಯನ್ನಷ್ಟೇ ಅಲ್ಲ. ಆ ಮನೆಯ ವಾತಾವರಣಕ್ಕೆ ಒಗ್ಗಿದ, ಹದ್ದು ಬೆಕ್ಕುಗಳಿಂದ ಮರಿಗಳನ್ನು ಕಾಯಲು ಬಲ್ಲ ತಾಯಿಕೋಳಿ ಹೋಗುತ್ತದೆ. ಮಾರುವ ಮುನ್ನ ಒಂದು ಸರಳ ಪರೀಕ್ಷೆ ಸಾಕು. ಕೋಳಿಯ ಹಿಂಭಾಗದಲ್ಲಿ, ಮೊಟ್ಟೆ ಹೊರಬರುವ ದ್ವಾರದ ಎರಡೂ ಬದಿಗೆ, ಚೂಪಾದ ಎರಡು ಎಲುಬುಗಳು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಕೋಳಿ ಮೊಟ್ಟೆಯಲ್ಲಿದೆ. ಪೊದೆಯಲ್ಲೆಲ್ಲೋ ಕದ್ದು ಇಡುತ್ತಿರಬಹುದು. ಒಂದೇ ಬೆರಳು ಹಿಡಿಸಿದರೆ ಅದು ಸದ್ಯಕ್ಕೆ ನಿಂತಿದೆ ಎಂದರ್ಥ.

ನಾಟಿ ಕೋಳಿಯಿಂದ ದಿನಕ್ಕೊಂದು ಮೊಟ್ಟೆ ನಿರೀಕ್ಷಿಸುವುದೂ ನ್ಯಾಯವಲ್ಲ. ಅದು ಹನ್ನೆರಡು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ, 21 ದಿನ ಕಾವು ಕೊಡುತ್ತದೆ, ಆಮೇಲೆ ಮರಿಗಳನ್ನು ಆಡಿಸುತ್ತದೆ. ವರ್ಷಕ್ಕೆ ಅರವತ್ತರ ಆಸುಪಾಸಿನ ಮೊಟ್ಟೆ ಅದರ ಸಹಜ ಶಕ್ತಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕೇಂದ್ರದಲ್ಲಿ ಹಿತ್ತಿಲ ಸಾಕಣೆಗೆಂದೇ ರೂಪಿಸಿದ ಗಿರಿರಾಜ ತಳಿ ಅದರ ಎರಡರಷ್ಟು ಇಡುತ್ತದೆ. ಅನಂತರ ಬಂದ ಸ್ವರ್ಣಧಾರಾ ಇನ್ನೂ ಹೆಚ್ಚು. ಆದರೆ ಹೆಚ್ಚು ಇಡುವ ಕೋಳಿಗೆ ಹೆಚ್ಚು ಪೋಷಣೆಯೂ ಬೇಕು.

ಕಾಳಿನೊಳಗಿನ ಕೊರತೆ

ಕೋಳಿ ಆಹಾರದ ಗಿರಣಿಗಳು ಕೊಳ್ಳುವ ಮುಖ್ಯ ಕಾಳು ಮೆಕ್ಕೆಜೋಳ. ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಹೊಲಗಳಲ್ಲಿ ಅದೇ ಮುಖ್ಯ ಬೆಳೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕಟಾವಾಗುವ ಹೊತ್ತಿಗೆ ಅದು ಮನೆಮನೆಯಲ್ಲೂ ತುಂಬಿರುತ್ತದೆ. ಮನೆಯ ಕೋಳಿಗೂ ಆಗ ಅದೇ ಊಟ. ಇಲ್ಲಿ ಎರಡು ತೊಂದರೆಗಳು ಒಟ್ಟಿಗೆ ಸೇರುತ್ತವೆ.

ಮೊದಲನೆಯದು ಪೋಷಣೆಯ ಕೊರತೆ. ಮೆಕ್ಕೆಜೋಳದಲ್ಲಿ ಪ್ರೋಟೀನು ಶೇಕಡಾ 8–9 ಮಾತ್ರ. ಮೊಟ್ಟೆಯಿಡುವ ಕೋಳಿಗೆ ಬೇಕಾದುದು ಶೇಕಡಾ 16–18. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೆಕ್ಕೆಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಕೋಳಿ ಹುಳು, ಎರೆಹುಳ, ಗೆದ್ದಲು, ಎಳೆಹುಲ್ಲು ಕೆದಕಿ ತಿಂದು ಈ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಚಳಿಗಾಲ ಬಂದಂತೆ ನೆಲ ಒಣಗಿ ಗಟ್ಟಿಯಾಗುತ್ತದೆ, ಹುಳು ಆಳಕ್ಕಿಳಿಯುತ್ತದೆ. ಆಗ ಕೋಳಿಯ ಹೊಟ್ಟೆ ಮೆಕ್ಕೆಜೋಳದಿಂದ ತುಂಬಿರುತ್ತದೆ, ಕೊಬ್ಬೂ ಬರುತ್ತದೆ, ಮೊಟ್ಟೆ ಮಾತ್ರ ಬರುವುದಿಲ್ಲ.

ಎರಡನೆಯದು ಬೂಷ್ಟು. ಕಟಾವಿನ ಹೊತ್ತಿಗೆ ಹಿಂಗಾರು ಮಳೆ ಸುರಿದರೆ ತೆನೆ ಒದ್ದೆಯಾಗುತ್ತದೆ. ಒಣಗದ ಕಾಳನ್ನು ರಾಶಿ ಹಾಕಿ ತಾಡಪತ್ರಿ ಹೊದಿಸಿದಾಗ ಒಳಗೆ ಬಿಸಿಯೇರಿ ಶಿಲೀಂಧ್ರ ಬೆಳೆಯುತ್ತದೆ. ಅದರಲ್ಲಿ ಒಂದು ಜಾತಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಇದ್ದುದು ಪತ್ತೆಯಾಯಿತು. ಅದು ಕೋಳಿಯ ಯಕೃತ್ತನ್ನು ಕೆಡಿಸುತ್ತದೆ. ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ಸಾರ ತಯಾರಾಗುವುದು ಯಕೃತ್ತಿನಲ್ಲಿಯೇ. ಹಾಗಾಗಿ ಸಾಯದೆ ಉಳಿದ ಕೋಳಿಯೂ ಮೊಟ್ಟೆ ಕಡಿಮೆ ಮಾಡುತ್ತದೆ. ಕಾಯಿಸಿದರೂ, ಬೇಯಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ.

ಮಾರುಕಟ್ಟೆಗೆ ಹೋಗದ ಕಪ್ಪು ಕಾಳು, ಹಸಿರು ಬೂಷ್ಟಿನ ಕಾಳು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ‘ಕೋಳಿ ಏನನ್ನಾದರೂ ತಿನ್ನುತ್ತದೆ’ ಎಂದು ಅದನ್ನು ಹಿತ್ತಿಲಿಗೆ ಎರಚುತ್ತಾರೆ. ಕೋಳಿ ಚಳಿಗೆ ನಿಂತಿತೆಂದು ಹೇಳುವ ಮನೆಗಳಲ್ಲಿ ಕೆಲವಾದರೂ ಈ ಕಾಳಿಗೆ ನಿಂತಿರುತ್ತವೆ. ಚಳಿ ಮತ್ತು ಹೊಸ ಕಾಳು ಒಂದೇ ತಿಂಗಳಲ್ಲಿ ಬರುವುದರಿಂದ ಅಪವಾದ ಚಳಿಯ ಮೇಲೆ ಬೀಳುತ್ತದೆ.

ಮಾಡಬೇಕಾದುದೇನು

ಮೊದಲ ಕೆಲಸ ಕಾಳನ್ನು ಒಣಗಿಸುವುದು. ನೆಲದ ಮೇಲೆ ನೇರವಾಗಿ ಹರಡದೆ ತಾಡಪತ್ರಿಯ ಮೇಲೆ ತೆಳುವಾಗಿ ಹರಡಬೇಕು. ಸಂಜೆಯ ಇಬ್ಬನಿ ಬೀಳುವ ಮುನ್ನ ಒಟ್ಟುಮಾಡಬೇಕು. ಒಣಗಿದೆಯೋ ಇಲ್ಲವೋ ಎಂಬುದನ್ನು ಶಾಲೆಯ ಮಕ್ಕಳೂ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲುಭಾಗದಷ್ಟು ಕಾಳು ಹಾಕಿ, ಎರಡು ಮೂರು ಚಮಚ ಒಣ ಉಪ್ಪು ಬೆರೆಸಿ, ಮುಚ್ಚಿ ಕುಲುಕಿ ಹದಿನೈದು ನಿಮಿಷ ಇಡಬೇಕು. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವಾಂಶ ಶೇಕಡಾ 15ಕ್ಕಿಂತ ಹೆಚ್ಚಿದೆ. ಆ ಕಾಳು ಇನ್ನೂ ಬಿಸಿಲು ಕಾಣಬೇಕು. ಒಣಗಿದ ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡಬೇಕು. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇದಕ್ಕೆ ಒಳ್ಳೆಯ ಜಾಗ. ಬೂಷ್ಟು ಹಿಡಿದ ಕಾಳನ್ನು ಕೋಳಿಗಾಗಲಿ ಎಮ್ಮೆಗಾಗಲಿ ಹಾಕಬಾರದು; ಅದನ್ನು ಸುಟ್ಟುಬಿಡುವುದೇ ಕ್ಷೇಮ.

ಎರಡನೆಯದು ಮಿಶ್ರ ಆಹಾರ. ಹತ್ತು ಕೋಳಿಗೆ ಸುಮಾರು ಒಂಬತ್ತು ದಿನಕ್ಕೆ ಸಾಕಾಗುವ 10 ಕಿಲೋ ಆಹಾರಕ್ಕೆ ಹೀಗೆ ಬೆರೆಸಬಹುದು: ನುಚ್ಚು ಮಾಡಿದ ಮೆಕ್ಕೆಜೋಳ 5 ಕಿಲೋ, ಅಕ್ಕಿ ತೌಡು ಒಂದೂವರೆ ಕಿಲೋ, ಸೋಯಾ ಹಿಂಡಿ ಎರಡೂಕಾಲು ಕಿಲೋ, ಕಪ್ಪೆಚಿಪ್ಪಿನ ನುಚ್ಚು 900 ಗ್ರಾಂ, ಕೋಳಿಗೆಂದೇ ಮಾರುವ ಖನಿಜ ಮಿಶ್ರಣ 300 ಗ್ರಾಂ, ಉಪ್ಪು 30 ಗ್ರಾಂ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಹರಿಹರ, ದಾವಣಗೆರೆಯ ಹಳ್ಳಿಗಳಲ್ಲಿ ತೌಡು ಹತ್ತಿರದ ಅಕ್ಕಿ ಗಿರಣಿಯಲ್ಲಿಯೇ ಸಿಗುತ್ತದೆ; ಅದು ಬೇಗ ಕಮಟು ಹಿಡಿಯುವುದರಿಂದ ಹೊಸದನ್ನೇ ತರಬೇಕು. ಹಿತ್ತಿಲಲ್ಲಿ ಅಡ್ಡಾಡುವ ಕೋಳಿಗೆ ಈ ಮಿಶ್ರಣ ಅರ್ಧದಷ್ಟು ಕೊಟ್ಟರೂ ಸಾಕಾಗಬಹುದು. ನುಗ್ಗೆ ಸೊಪ್ಪು, ತೊಟ್ಟಿಯಲ್ಲಿ ಬೆಳೆಸಿದ ಅಜೋಲಾ ಒಳ್ಳೆಯ ಪೂರಕಗಳು. ಹುಲ್ಲು, ಸಗಣಿ ತುಂಬಿದ ಮಡಕೆಯನ್ನು ಗೆದ್ದಲು ಇರುವಲ್ಲಿ ಬೋರಲು ಹಾಕಿಟ್ಟು, ಮುತ್ತಿದ ಗೆದ್ದಲನ್ನು ಬೆಳಿಗ್ಗೆ ಕೋಳಿಗೆ ಒದರುವ ಉಪಾಯಕ್ಕೆ ಖರ್ಚೇ ಇಲ್ಲ. ಪುಕ್ಕ ಬದಲಾಯಿಸುತ್ತಿರುವ ಕೋಳಿಗೂ ಪ್ರೋಟೀನು ಕಡಿಮೆ ಮಾಡಬಾರದು; ಪುಕ್ಕ ಬೇಗ ಬಂದಷ್ಟೂ ಮೊಟ್ಟೆ ಬೇಗ ಬರುತ್ತದೆ.

ಮೂರನೆಯದು ನೀರು ಮತ್ತು ಗೂಡು. ಮೊಟ್ಟೆಯ ಮುಕ್ಕಾಲು ಭಾಗ ನೀರು. ಕೋಳಿ ತಿನ್ನುವ ಆಹಾರದ ಎರಡರಷ್ಟು ತೂಕದ ನೀರನ್ನು ಕುಡಿಯುತ್ತದೆ. ಬೆಳಿಗ್ಗೆ ಗೂಡು ತೆರೆದ ಕೂಡಲೇ ಶುದ್ಧ ನೀರು ಇರಬೇಕು. ಗೂಡಿನ ನೆಲಕ್ಕೆ ಮೂರು ನಾಲ್ಕು ಅಂಗುಲ ಭತ್ತದ ಹೊಟ್ಟು ಹಾಸಿ ವಾರಕ್ಕೆರಡು ಸಲ ತಿರುವಿ ಹಾಕಬೇಕು. ಗಾಳಿ ಬೀಸುವ ಬದಿಗೆ ಗೋಣಿಚೀಲ ಇಳಿಬಿಡಬೇಕು; ಆದರೆ ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಎಲ್ಲ ಕಡೆ ಮುಚ್ಚಿದ ಗೂಡಿನಲ್ಲಿ ಹಿಕ್ಕೆಯ ಘಾಟು ತುಂಬಿ, ಚಳಿಗಿಂತ ಹೆಚ್ಚಿನ ಕೇಡು ಮಾಡುತ್ತದೆ. ಮೂಲೆಯಲ್ಲಿ ಒಲೆಯ ಬೂದಿ ಸುರಿದಿಟ್ಟರೆ ಕೋಳಿ ಅದರಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತದೆ.

ನಾಲ್ಕನೆಯದು ಮರಿ ಮಾಡಿಸುವ ಕಾಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಒಡೆದ ಮರಿ ಆರು ಏಳು ತಿಂಗಳಿಗೆ ಹ್ಯಾಟೆಯಾಗಿ, ಮಳೆಗಾಲದ ಕೊನೆಗೆ ಮೊಟ್ಟೆಗೆ ಬರುತ್ತದೆ. ಮೊದಲ ವರ್ಷದ ಹ್ಯಾಟೆ ಸಾಮಾನ್ಯವಾಗಿ ಆ ಚಳಿಗಾಲದಲ್ಲಿ ಪುಕ್ಕ ಕಳಚುವುದಿಲ್ಲ, ಇಡುತ್ತಲೇ ಇರುತ್ತದೆ. ಹತ್ತು ಕೋಳಿಯ ಮನೆಯಲ್ಲಿ ಪ್ರತಿ ವರ್ಷ ಮೂರು ನಾಲ್ಕು ಹ್ಯಾಟೆಗಳು ಹೀಗೆ ಸೇರಿಕೊಂಡರೆ, ಹಳೆಯವು ವಿಶ್ರಾಂತಿಯಲ್ಲಿದ್ದಾಗ ಹೊಸವು ಬುಟ್ಟಿಯನ್ನು ಬರಿದಾಗಲು ಬಿಡುವುದಿಲ್ಲ. ಇದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಒಂದು ಕಾವುಕೋಳಿ ಮತ್ತು ಪಂಚಾಂಗದ ನೆನಪು ಸಾಕು.

ದೀಪದ ವಿಚಾರ ಕೊನೆಯದು. ಮೇಲಿನ ನಾಲ್ಕೂ ಸರಿಯಾದ ಮೇಲೆ, ಗಿರಿರಾಜ, ಸ್ವರ್ಣಧಾರಾದಂತಹ ತಳಿ ಇದ್ದವರು ದೀಪ ಹಾಕಬಹುದು. ಏಳು ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಸಣ್ಣ ಗೂಡಿಗೆ ಸಾಕು. ನಸುಕಿನ 4 ಗಂಟೆಗೆ ಹಚ್ಚಿ ಬೆಳಗಾದ ಮೇಲೆ ಆರಿಸಿದರೆ ಡಿಸೆಂಬರಿನಲ್ಲಿಯೂ ಸುಮಾರು 14 ಗಂಟೆ ಬೆಳಕಾಗುತ್ತದೆ. ತಿಂಗಳಿಗೆ ಒಂದು ಯೂನಿಟ್ಟೂ ಖರ್ಚಾಗುವುದಿಲ್ಲ. ಸಂಜೆ ದೀಪ ಹಾಕಿ ಥಟ್ಟನೆ ಆರಿಸಿದರೆ ಕೋಳಿ ಕತ್ತಲಲ್ಲಿ ಕೂರುವ ಜಾಗ ಕಾಣದೆ ಕಂಗಾಲಾಗುತ್ತದೆ. ಆದ್ದರಿಂದ ಮುಂಜಾವೇ ಮೇಲು. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಬೇಕು, ದಿನವೂ ಒಂದೇ ಹೊತ್ತಿಗೆ ಹಚ್ಚಬೇಕು, ನಡುವೆ ಬಿಡಬಾರದು. ಇನ್ನೂ ಬೆಳೆಯದ ಹ್ಯಾಟೆಗೆ ಬೆಳಕು ಹೆಚ್ಚಿಸಿದರೆ ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದು ಗರ್ಭದ ಚೀಲ ಹೊರಬೀಳುವ ಅಪಾಯವಿದೆ.

ಮಾಡಬಾರದುದು

ಮೊಟ್ಟೆಯ ಆಸೆಗೆ ಕೋಳಿಯನ್ನು ಎಷ್ಟರವರೆಗೆ ನೂಕಬೇಕು ಎಂಬುದೂ ವಿಚಾರಿಸಬೇಕಾದ ಪ್ರಶ್ನೆ. ದೊಡ್ಡ ಫಾರಂಗಳಲ್ಲಿ ಕೋಳಿಗಳಿಗೆ ದಿನಗಟ್ಟಲೆ ಆಹಾರ ನಿಲ್ಲಿಸಿ ಒಮ್ಮೆಗೇ ಪುಕ್ಕ ಉದುರಿಸುವ ಪದ್ಧತಿ ಬೆಳೆದಿತ್ತು. ಹೀಗೆ ಉಪವಾಸ ಕೆಡಹುವುದು ಕ್ರೌರ್ಯವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿ ತಿಳಿಸಿತು. ಮನೆಯ ಸಾಕಣೆಯಲ್ಲಿ ಅಂತಹ ಬಲವಂತಕ್ಕೆ ಅಗತ್ಯವೇ ಇಲ್ಲ. ದೀಪ ಹಾಕಿದ ಮನೆಯಲ್ಲಿಯೂ ಪುಕ್ಕ ಕಳಚಲು ಆರಂಭಿಸಿದ ಕೋಳಿಯನ್ನು ಅದರ ಪಾಡಿಗೆ ಬಿಡಬೇಕು.

ಮೊಟ್ಟೆ ನಿಧಾನವಾಗಿ ಇಳಿಯುವುದು ಬೇರೆ, ಒಮ್ಮೆಗೇ ನಿಲ್ಲುವುದು ಬೇರೆ. ಕೋಳಿಗಳು ತೂಕಡಿಸುತ್ತಾ, ಹಸಿರು ಭೇದಿ ಮಾಡುತ್ತಾ, ಕತ್ತು ತಿರುಚಿಕೊಂಡು, ಒಂದರ ಹಿಂದೆ ಒಂದು ಸಾಯತೊಡಗಿದರೆ ಅದು ಕೊಕ್ಕರೆ ರೋಗವಿರಬಹುದು. ಅದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ದಾರಿ. ಮರಿಗೆ ಮೊದಲ ವಾರದಲ್ಲಿಯೇ ಹನಿ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಕೊಡಿಸಬೇಕು. 2020ರ ಮಾರ್ಚ್ ತಿಂಗಳಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಅಂತಹ ಸಂದರ್ಭದಲ್ಲಿ ಸೋಂಕಿನ ಸ್ಥಳದ ಸುತ್ತಲಿನ ಆರೋಗ್ಯವಂತ ಕೋಳಿಗಳನ್ನೂ ಕೊಲ್ಲಬೇಕಾಗುತ್ತದೆ. ಆದುದರಿಂದ ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯುವುದು, ಕಾಯಿಲೆಯ ಕೋಳಿಯನ್ನು ಗುಟ್ಟಾಗಿ ಸಂತೆಯಲ್ಲಿ ಮಾರುವುದು ಇಡೀ ಸೀಮೆಗೆ ಬಗೆಯುವ ದ್ರೋಹ. ಹತ್ತಿರದ ಪಶುವೈದ್ಯ ಆಸ್ಪತ್ರೆಗೆ ತಿಳಿಸುವುದು ಮೊದಲ ಕರ್ತವ್ಯ.

ಬುಟ್ಟಿಯ ಲೆಕ್ಕ

ಹಳ್ಳಿಯ ಮನೆಗಳಲ್ಲಿ ಮೆಕ್ಕೆಜೋಳದ ಹಣ ಸಾಮಾನ್ಯವಾಗಿ ಯಜಮಾನನ ಜೇಬಿಗೆ ಹೋಗುತ್ತದೆ. ಮೊಟ್ಟೆಯ ಹಣ ಮನೆಯಾಕೆಯ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಮಗುವಿನ ಪುಸ್ತಕ, ಸಂತೆಯ ಸಣ್ಣ ಖರ್ಚು, ಹಟ್ಟಿಯ ಬಾಣಂತಿಗೆ ಒಂದು ಬೇಯಿಸಿದ ಮೊಟ್ಟೆ, ಎಲ್ಲವೂ ಆ ಗಂಟಿನಿಂದಲೇ. ಕಣದಲ್ಲಿ ಕಾಳು ಒಣಗಿಸುವಾಗ ತೋರಿದ ಅಸಡ್ಡೆಯ ನಷ್ಟವನ್ನು ಹೊರುವವಳು ಆಕೆ. ಬೂಷ್ಟಿನ ಕಾಳು ತಿಂದ ಕೋಳಿಯ ಯಕೃತ್ತಿನಲ್ಲಿ, ಅಲ್ಪ ಪ್ರಮಾಣದಲ್ಲಿ ಮೊಟ್ಟೆಯಲ್ಲಿಯೂ, ಆ ವಿಷ ಉಳಿದು ಬರಬಹುದೆಂಬುದನ್ನು ನೆನೆದರೆ ಈ ನಷ್ಟ ಹಣದ್ದು ಮಾತ್ರವಲ್ಲ.

ಹೊಲದ ಪಾಠವೂ ಇದರಲ್ಲಿದೆ. ಒಂದೇ ಬೆಳೆಯ ಹೊಲದಿಂದ ಒಂದೇ ಕಾಳಿನ ಊಟ ಬರುತ್ತದೆ. ಮೆಕ್ಕೆಜೋಳದ ಸಾಲಿನ ನಡುವೆ ತೊಗರಿ, ಅಲಸಂದೆ, ಬದುವಿನಲ್ಲಿ ನುಗ್ಗೆ, ಮೂಲೆಯಲ್ಲಿ ನವಣೆ, ಸಜ್ಜೆ ಇದ್ದ ಹೊಲದ ಕೋಳಿ ಅಂಗಡಿಯ ಹಿಂಡಿಗೆ ಅಷ್ಟಾಗಿ ಕಾಯುವುದಿಲ್ಲ.

ವಿದ್ಯಾರ್ಥಿಗಳು ಈ ಚಳಿಗಾಲದಲ್ಲಿ ಒಂದು ಕೆಲಸ ಮಾಡಬಹುದು. ಮನೆಯ ಪ್ರತಿ ಕೋಳಿಗೂ ಒಂದು ಗುರುತು ಇಟ್ಟು, ಕಾರ್ತಿಕದಿಂದ ಶಿವರಾತ್ರಿಯವರೆಗೆ ಯಾವ ದಿನ ಯಾವುದು ಮೊಟ್ಟೆಯಿಟ್ಟಿತು, ಗೂಡಿಗೆ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಯಿತು, ಏನು ತಿನ್ನಿಸಲಾಯಿತು, ಪುಕ್ಕ ಯಾವಾಗ ಉದುರಿತು ಎಂದು ನೋಟ್‌ಪುಸ್ತಕದಲ್ಲಿ ಬರೆಯಬೇಕು. ಬೆಟ್ಟದ ಶಾಲೆಯ ಪುಸ್ತಕವನ್ನೂ ಹರಿಹರದ ಕಡೆಯ ಶಾಲೆಯ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಚಳಿಯ ಪಾಲೆಷ್ಟು, ಬೆಳಕಿನ ಪಾಲೆಷ್ಟು, ಕಾಳಿನ ಪಾಲೆಷ್ಟು ಎಂಬುದು ಆಯಾ ಊರಿನ ಲೆಕ್ಕದಲ್ಲಿಯೇ ಕಾಣಿಸುತ್ತದೆ. ಅಲ್ಲಿಯವರೆಗೆ, ಬುಟ್ಟಿ ಬರಿದಾದ ಮನೆಯವರು ಕೋಳಿಯನ್ನು ಸಂತೆಗೆ ಒಯ್ಯುವ ಮುನ್ನ ಕಾಳಿನ ಚೀಲದೊಳಗೆ ಒಮ್ಮೆ ಕೈಯಿಟ್ಟು ಮೂಸಿ ನೋಡುವುದು ಒಳ್ಳೆಯದು.